ವಯಸ್ಸಿಗೆ ತಕ್ಕ ಮಿದುಳು

ಮಿದುಳಿನ ಚಿತ್ರಗಳನ್ನು ಓದುವ ವಿದ್ಯೆಯಲ್ಲಿ ನಮ್ಮ ಆಸ್ಪತ್ರೆಗೆ ಹೆಸರು ತಂದವರು, ಮೂವತ್ತಮೂರು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಡಾಕ್ಟರಮ್ಮನವರು. ಅನೊರೆಕ್ಸಿಯಾ ನರ್ವೋಸಾ, ಅಂದರೆ ದಪ್ಪಗಾಗುವ ಭಯ ಹೊಕ್ಕು ಊಟವನ್ನೇ ಬಿಡಿಸುವ ಕಾಯಿಲೆ, ಮೈಯನ್ನಷ್ಟೇ ಅಲ್ಲ, ಮಿದುಳನ್ನೂ ಸವೆಸುತ್ತದೆ ಎಂದು ಇಲ್ಲಿಯ ವೈದ್ಯರಿಗೆ ಚಿತ್ರ ಹಿಡಿದು ತೋರಿಸಿದವರು ಅವರೇ. ಆ ಹಿರಿಮೆಯನ್ನು ಈ ಬೀಳ್ಕೊಡುಗೆ ಸಂಪುಟದ ಉಳಿದ ಲೇಖನಗಳು ಹೇಳುತ್ತವೆ. ಅವರು ಅದನ್ನು ಕಲಿತದ್ದು ಹೇಗೆಂದು ಮಾತ್ರ ಯಾರೂ ಬರೆದಿರಲಾರರು. ಬರೆಯಲೇಬೇಕೆಂದು ಅವರೇ ಹೇಳಿದ್ದರಿಂದ ಇಲ್ಲಿ ಬರೆದಿದೆ.

ಸ್ಕ್ಯಾನ್ ವಿಭಾಗ ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿಯಿಲ್ಲ, ಯಂತ್ರಕ್ಕೆಂದು ಇಟ್ಟ ತಂಪು ಮನುಷ್ಯರ ಮೂಳೆಗೂ ಇಳಿಯುತ್ತಿತ್ತು. ರೋಗಿಗಳು ಆಚೆ ಕೋಣೆಗೆ ಬಂದು ಹೋಗುತ್ತಿದ್ದರು, ಡಾಕ್ಟರಮ್ಮನವರ ಮುಂದೆ ಬರುತ್ತಿದ್ದದ್ದು ಚಿತ್ರ ಮಾತ್ರ. ಅವರದು ಹದ್ದಿನ ಕಣ್ಣು. "ಮೇಡಂ ಮುಂದೆ ಹೋಗೋವಾಗ ತಲೆ ಬಾಚ್ಕೊಂಡ್ರೆ ಸಾಲದಪ್ಪ, ಒಳಗೂ ಗುಡಿಸ್ಕೊಂಡು ಹೋಗ್ಬೇಕು" ಎಂದು ಟೆಕ್ನಿಷಿಯನ್ ನಗಿಸುತ್ತಿದ್ದ. ಬಾಣಂತನ ಮುಗಿಸಿ ಬಂದ ನರ್ಸ್ ಒಬ್ಬಳಿಗೆ ಮಗುವಿಗೆ ಹಾಲು ತೆಗೆದಿಡಲು ಜಾಗವಿಲ್ಲದಿದ್ದಾಗ, ತಮ್ಮ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟು, ಎಂಟು ತಿಂಗಳು ಕಾರಿಡಾರಿನ ಸ್ಟೂಲಿನ ಮೇಲೆ ಕೂತು ಫಿಲ್ಮುಗಳನ್ನು ಬೆಳಕಿಗೆ ಹಿಡಿದು ಓದಿದವರು ಅವರು.

ಸೇವೆಯ ಹನ್ನೊಂದನೆಯ ವರ್ಷದಲ್ಲಿ ಅದು ನಡೆಯಿತು. ಆಗ ಕೌಂಟರಿಗೆ ಹೊಸ ಕಂಪ್ಯೂಟರ್ ಬಂದಿತ್ತು. ಅಂಕಿಗಳು ಹಿಂದುಮುಂದಾಗುವುದು ದಿನದ ಗೋಳಾಗಿತ್ತು. ಒಂದು ಮಧ್ಯಾಹ್ನ ಅವರ ಕೈಗೆ ಬಂದ ಫಿಲ್ಮಿನಲ್ಲಿ ಮಿದುಳಿನ ಹೊರಪದರ ತೆಳುವಾಗಿತ್ತು, ಮಡಿಕೆಗಳ ನಡುವಿನ ಸಂದುಗಳು ಬಾಯಿ ಬಿಟ್ಟಿದ್ದವು, ನಡುವೆ ನೀರು ನಿಲ್ಲುವ ಗೂಡುಗಳು ಹಿಗ್ಗಿದ್ದವು. ಮೂಲೆಯಲ್ಲಿ ವಯಸ್ಸು ಹದಿನೇಳು ಎಂದಿತ್ತು.

"ನೋಡಿ, ಮತ್ತೆ ತಿರುಗಿಸಿ ಹೊಡೆದಿದ್ದಾರೆ. ಇದು ಹದಿನೇಳರ ತಲೇನಾ?" ಎಂದು ನಕ್ಕು, ಕೈಯಿಂದಲೇ ಎಪ್ಪತ್ತೊಂದು ಎಂದು ತಿದ್ದಿ, ಕೆಳಗೆ ಬರೆದರು: 'ವಯಸ್ಸಿಗೆ ತಕ್ಕ ಮಿದುಳು. ಬೇರೆ ದೋಷವಿಲ್ಲ.'

ವರದಿ ಕೌಂಟರಿಗೆ ಹೋಯಿತು. ಅಲ್ಲಿಯ ಗುಮಾಸ್ತೆ ನೋಂದಣಿ ಪುಸ್ತಕ ತೆಗೆದು ನೋಡಿದಳು. ಅದರಲ್ಲಿ ಹದಿನೇಳು ಎಂದೇ ಇತ್ತು. ತನ್ನ ಕೆಲಸ ತಾನು ಸರಿಯಾಗಿ ಮಾಡಿ, ಎಪ್ಪತ್ತೊಂದನ್ನು ಮತ್ತೆ ಹದಿನೇಳು ಮಾಡಿದಳು. ಕೆಳಗಿನ ಸಾಲು ಹಾಗೆಯೇ ಉಳಿಯಿತು.

ಊಟ ಬಿಟ್ಟಿದ್ದ ಆ ಹುಡುಗಿಯ ತಂದೆ ಓದಿದ್ದು ಆ ಸಾಲನ್ನು. "ತಲೆ ಸರಿಯಾಗೇ ಇದೆಯಂತೆ. ಹಟ ಅಷ್ಟೇ, ಎರಡು ದಿನ ಸುಮ್ನಿದ್ರೆ ತಾನೇ ತಿಂತಾಳೆ" ಎಂದು ವಾರ್ಡಿನಲ್ಲಿ ಹಿಡಿದಿಟ್ಟಿದ್ದ ಹಾಸಿಗೆಯನ್ನು ಬಿಟ್ಟುಕೊಟ್ಟು ಮಗಳನ್ನು ಮನೆಗೆ ಕರೆದೊಯ್ದರು. ಹನ್ನೊಂದು ವಾರಗಳ ಮೇಲೆ ಆ ಮಗುವಿನ ಹೃದಯ ನಿಂತಿತು.

ಡಾಕ್ಟರಮ್ಮನವರಿಗೆ ಇದು ತಿಳಿದದ್ದು ತಾಯಿ ಫಿಲ್ಮು ಕೇಳಿಕೊಂಡು ಬಂದಾಗ. ಆಕೆ ಬಟ್ಟೆ ಹೊಲಿಯುವವರು, ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು. ಲಕೋಟೆ ಹುಡುಕಿ ಕೊಡುತ್ತಾ ಡಾಕ್ಟರಮ್ಮನವರು ಉಪಚಾರಕ್ಕೆ ಕೇಳಿದರು: "ಅಜ್ಜಿ ಹೇಗಿದಾರಮ್ಮ?"

"ಯಾವ ಅಜ್ಜಿ? ಇದು ನನ್ನ ಮಗಳದು."

ಡಾಕ್ಟರಮ್ಮನವರು ಫಿಲ್ಮನ್ನು ಮತ್ತೆ ದೀಪಕ್ಕೆ ಹಿಡಿದರು. ತಾಯಿ ಅಲ್ಲೇ ನಿಂತು ಮೆಲ್ಲಗೆ ಹೇಳಿದರು: "ಯೂನಿಫಾರಂನ ನಾಲ್ಕು ಸಲ ಒಳಗೆ ತಗೊಂಡು ಹೊಲಿದೆ ಮೇಡಂ. ಅಳತೆ ನನ್ನ ಕೈಯಲ್ಲೇ ಇತ್ತು. ಆದ್ರೂ ನಿಮ್ಮ ಕಾಗದ ನಂಬಿದೆ."

ಅಂದೇ ಅವರು ನಡೆದದ್ದನ್ನು ಬರೆದು, ವರದಿ ತಿದ್ದಬೇಕೆಂದು ಮುಖ್ಯಸ್ಥರ ಮುಂದಿಟ್ಟರು. "ಸತ್ತೋರ ಫೈಲ್ ಬಿಚ್ಚಿ ಯಾರಿಗೇನು ಉಪಕಾರ? ಹೋಗಿ, ಕೆಲಸ ನೋಡ್ಕೊಳ್ಳಿ" ಎಂದರು ಮುಖ್ಯಸ್ಥರು. ಡಾಕ್ಟರಮ್ಮನವರು ಬರೆದದ್ದರ ಒಂದು ಪ್ರತಿಯನ್ನು ತಾವೇ ಆ ತಾಯಿಯ ಹೊಲಿಗೆ ಅಂಗಡಿಗೆ ಒಯ್ದು ಕೊಟ್ಟರು. ತಾಯಿ ಅದನ್ನು ಓದಿ, ಮಡಿಸಿ, ಯಂತ್ರದ ಡ್ರಾಯರಿಗೆ ಹಾಕಿ ಹೊಲಿಗೆ ಮುಂದುವರಿಸಿದರು. ಕೂತುಕೊಳ್ಳಿ ಎನ್ನಲಿಲ್ಲ. ಎರಡು ಸಲ ಬರಬೇಕಿದ್ದ ಬಡ್ತಿ ಆಮೇಲೆ ಡಾಕ್ಟರಮ್ಮನವರಿಗೆ ಬರಲಿಲ್ಲ.

ಅಂದಿನಿಂದ ರೋಗಿಯ ಮುಖ ನೋಡದೆ ಅವರು ಒಂದು ಫಿಲ್ಮನ್ನೂ ಓದಿಲ್ಲ. ಊಟ ಬಿಟ್ಟ ಹುಡುಗಿಯರಿಗೆ ಯಂತ್ರದ ಗಟ್ಟಿ ಹಲಗೆ ಬೆನ್ನುಮೂಳೆಗೆ ಒತ್ತುತ್ತದೆ, ಚಳಿ ತಡೆಯದು. ಅವರಿಗಾಗಿ ಹೀಟರಿನ ಪಕ್ಕದಲ್ಲಿ ಕಂಬಳಿ ಬೆಚ್ಚಗಿಟ್ಟು, ತಾವೇ ಮಡಿಸಿ ಬೆನ್ನಡಿ ಹಾಸುತ್ತಿದ್ದರು. ಸೇರಿದ ದಿನದ ಚಿತ್ರವನ್ನೂ, ತೂಕ ಬಂದ ಮೇಲಿನ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ವರ್ಷಗಟ್ಟಲೆ ಅಳೆದರು. ಊಟ ಮೈಗೆ ಹತ್ತಿದ ಹಾಗೆ ತೆಳುವಾಗಿದ್ದ ಪದರ ಬಹುಮಟ್ಟಿಗೆ ತುಂಬಿಕೊಳ್ಳುತ್ತಿತ್ತು, ಹಿಗ್ಗಿದ ಗೂಡುಗಳು ಕುಗ್ಗುತ್ತಿದ್ದವು. ಅದು ಖಚಿತವಾದ ದಿನ ನಾವೆಲ್ಲ ಸಂತೋಷಪಟ್ಟೆವು.

ಅವರು ಮಾತ್ರ ಮರುದಿನ ಮತ್ತೆ ಹೊಲಿಗೆ ಅಂಗಡಿಗೆ ಹೋದರು. ಎಲ್ಲವನ್ನೂ ಕೇಳಿಸಿಕೊಂಡ ತಾಯಿ ಒಂದೇ ಪ್ರಶ್ನೆ ಕೇಳಿದರು: "ಹಾಗಾದ್ರೆ ನನ್ನ ಮಗಳದ್ದೂ ತುಂಬ್ಕೊಳ್ತಿತ್ತಾ?"

"ತುಂಬ್ಕೊಳ್ತಿತ್ತು ಅನ್ಸುತ್ತಮ್ಮ."

"ಸುಳ್ಳು ಹೇಳ್ಬಹುದಿತ್ತು ನೀವು."

"ಒಂದು ಸಲ ಹೇಳಿದ್ದು ಸಾಕಮ್ಮ."

ಆಮೇಲೆ ಆ ತಾಯಿ ಸ್ಕ್ಯಾನ್ ಹಲಗೆಯ ಅಳತೆ ಕೇಳಿ ಕಳಿಸಿ, ದಪ್ಪ ಹತ್ತಿಯ ಮೆತ್ತೆ ಹೊಲಿದುಕೊಟ್ಟರು. ಹಳೆಯದು ಹರಿದ ಹಾಗೆ ಹೊಸದು ಬರುತ್ತದೆ. ಕ್ಷಮಿಸಿದೆ ಎಂದು ಆಕೆ ಇದುವರೆಗೆ ಹೇಳಿಲ್ಲ. ಡಾಕ್ಟರಮ್ಮನವರು ಕೇಳಿಯೂ ಇಲ್ಲ.

ಬೀಳ್ಕೊಡುಗೆಗೆ ಆಡಳಿತದವರು ಕೆತ್ತಿಸಿರುವ ಫಲಕದಲ್ಲಿ 'ಒಂದೂ ತಪ್ಪಿಲ್ಲದ ಸೇವೆ' ಎಂದಿದೆ. ಅದನ್ನು ಓದಿ ಅವರು, "ಇದನ್ನಾದ್ರೂ ತಿದ್ದೋಕೆ ಬಿಡಿ" ಎಂದರು. ಹಿತ್ತಾಳೆಯ ಮೇಲೆ ತಿದ್ದಲಾಗದು ಎಂದು ಉತ್ತರ ಬಂತು.

ನಿವೃತ್ತಿಯ ಮೇಲೂ ವಾರಕ್ಕೆರಡು ದಿನ ಬಂದು ಹುಡುಗಿಯರ ಚಿತ್ರ ಓದಲು ಅವರು ಒಪ್ಪಿದ್ದಾರೆ. ಆ ಕಣ್ಣಿಗೆ ಮಂಜು ಕವಿಯದಿರಲಿ, ನೆಲಮಾಳಿಗೆಯ ಮೆಟ್ಟಿಲಿಳಿಯಲು ಮಂಡಿ ಗಟ್ಟಿಯಿರಲಿ. ಕಡತದ ಕೋಣೆಯಲ್ಲಿ ಆ ವರದಿ ಇಂದಿಗೂ ಹಾಗೆಯೇ ಇದೆ: ವಯಸ್ಸು ಹದಿನೇಳು, ವಯಸ್ಸಿಗೆ ತಕ್ಕ ಮಿದುಳು. ಅದನ್ನು ಆಸ್ಪತ್ರೆ ತಿದ್ದುವ ದಿನವನ್ನು ಕಣ್ಣಾರೆ ಕಾಣುವಷ್ಟು ಆಯುಸ್ಸು ಅವರಿಗಿರಲಿ. ನಮ್ಮ ಆಸ್ಪತ್ರೆಯನ್ನು ಬಲ್ಲವರಿಗೆ ಗೊತ್ತು, ಇದಕ್ಕಿಂತ ದೀರ್ಘವಾದ ಆಯುಸ್ಸನ್ನು ಯಾರೂ ಯಾರಿಗೂ ಹಾರೈಸಲಾರರು.