ನೆಗ್ಗಿದ ಚೊಂಬು

ಊರಿಗೆ ಉಪಕಾರಿ, ಮನೆಗೆ ಮಾರಿ. ನಮ್ಮಪ್ಪನನ್ನು ನೋಡಿಯೇ ಹೇಳಿದ ಮಾತು. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಸಾವಾಗಲಿ, ಮದುವೆಯಾಗಲಿ, ಮೊದಲು ಓಡುವವರು ಅವರೇ. ಮನೆಯೊಳಗೆ ಸಾರಿಗೆ ಉಪ್ಪು ಹೆಚ್ಚಾದರೆ ಕೈಗೆ ಸಿಕ್ಕಿದ್ದು ಅಮ್ಮನ ಮೇಲೆ ಬೀಳುತ್ತಿತ್ತು. ಲೋಟ, ಸೌಟು, ತಟ್ಟೆ. ನೆಗ್ಗದ ಪಾತ್ರೆಯೇ ಇರಲಿಲ್ಲ ನಮ್ಮಲ್ಲಿ. ನಗರ್ತಪೇಟೆಯ ಪಾತ್ರೆ ಅಂಗಡಿಗೆ ಒಯ್ದರೆ ತಟ್ಟಿ ಸರಿಮಾಡಿಕೊಡುತ್ತಿದ್ದರು. ಹೇಗೆ ನೆಗ್ಗಿತು ಅಂತ ಕೇಳುತ್ತಾರೆಂದು ಅಮ್ಮ ಒಯ್ಯುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆ, ನಾನು ಕಾಲೇಜಿನಲ್ಲಿದ್ದೆ. ಸೋದರಮಾವ ಕೊಟ್ಟ ಹಳೇ ಕ್ಯಾಮೆರಾ ಒಂದಿತ್ತು, ಫ್ಲಾಶ್ ಇರಲಿಲ್ಲ, ಬಿಸಿಲಿಲ್ಲದಿದ್ದರೆ ಏನೂ ಬರುತ್ತಿರಲಿಲ್ಲ. ಹತ್ತಿರದಿಂದ ತೆಗೆಯಲು ಅದಕ್ಕೊಂದು ಭೂತಗನ್ನಡಿ ಕಟ್ಟಿಕೊಂಡು, ಅಡುಗೆಮನೆ ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಜರಡಿ, ಈಳಿಗೆಮಣೆ, ಸಿಕ್ಕಿದ್ದನ್ನೆಲ್ಲ ತೆಗೆಯುತ್ತಿದ್ದೆ. ಇಂಥ ವಸ್ತು ಅಂತ ಗುರುತೇ ಸಿಗಬಾರದು, ಬರೀ ಬೆಳಕು ನೆರಳು ಉಳಿಯಬೇಕು. ಅದು ನನ್ನ ಹುಚ್ಚು.

ಒಂದು ದಿನ ಅಪ್ಪ ಎಸೆದ ಹಿತ್ತಾಳೆ ಚೊಂಬು ಅಮ್ಮನ ಹಣೆ ಒಡೆಯಿತು. ರಕ್ತ ಒರೆಸಿ, ಅರಿಶಿನ ಮೆತ್ತಿಕೊಂಡು ಅಮ್ಮ ಮತ್ತೆ ಒಲೆ ಮುಂದೆ ಕೂತಳು. ಅಪ್ಪನಿಗೆ ಎದುರು ಮಾತಾಡುವ ಧೈರ್ಯ ನನಗಿರಲಿಲ್ಲ. ಮರುದಿನ ಬೆಳಿಗ್ಗೆ ಆ ಚೊಂಬನ್ನು ಕಿಟಕಿಯಲ್ಲಿಟ್ಟು ನೆಗ್ಗಿದ ಜಾಗವನ್ನೇ ತೆಗೆದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ಅಪ್ಪನ ಕುರ್ಚಿ ಎದುರಿಗೆ ತೂಗುಹಾಕಿದೆ. ನೋಡಲಿ, ನಾಚಿಕೆಯಾಗಲಿ, ಇನ್ನಾದರೂ ಕೈ ಎತ್ತದಿರಲಿ ಅಂತ.

ಅಪ್ಪ ನೋಡಿದರು. ನಂದಿಬೆಟ್ಟದ ಸೂರ್ಯೋದಯ ಅಂದುಕೊಂಡರು! ಬಂದವರಿಗೆಲ್ಲ ತೋರಿಸಿ, ನನ್ನ ಮಗಳು ತೆಗೆದದ್ದು ಅಂತ ಬೀಗಿದ್ದೇ ಬೀಗಿದ್ದು. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

ಒಂದು ಭಾನುವಾರ ಬೆಳಿಗ್ಗೆ ಅಪ್ಪನ ಆಫೀಸಿನವರಿಬ್ಬರು ಬಂದಿದ್ದರು. ಬೆಟ್ಟದ ಕಥೆ ಮತ್ತೆ ಶುರುವಾಯಿತು. ಕಾಫಿ ತಂದ ಅಮ್ಮ ಲೋಟಗಳನ್ನು ಕೆಳಗಿಟ್ಟು ತಣ್ಣಗೆ ಹೇಳಿದಳು:

"ಅದು ಬೆಟ್ಟ ಅಲ್ಲ. ಇವ್ರು ನನ್ನ ಹಣೆಗೆ ಹೊಡೆದ ಚೊಂಬು."

ಬಂದವರು ಕಾಫಿ ಮುಟ್ಟದೆ ಎದ್ದುಹೋದರು. ಅವರು ಮೆಟ್ಟಿಲು ಇಳಿದಿದ್ದೇ ತಡ, ಅಪ್ಪ ಅಮ್ಮನ ತುರುಬು ಹಿಡಿದು ತಲೆಯನ್ನು ಗೋಡೆಗೆ ಚಚ್ಚಿದರು. ಒಂದು ಸಲ, ಎರಡು ಸಲ. ಆಮೇಲೆ ಕೈ ಎತ್ತಿದರು. ಅಷ್ಟರಲ್ಲಿ ನಾನು ಕ್ಯಾಮೆರಾ ತಂದು ಎದುರಿಗೆ ನಿಂತೆ.

"ಹೊಡೀರಿ ಅಪ್ಪ. ಬೆಳಕು ಚೆನ್ನಾಗಿದೆ. ಈ ಸಲ ನಿಮ್ಮ ಮುಖಾನೂ ಬರುತ್ತೆ."

ಎತ್ತಿದ ಕೈ ಇಳಿಯಿತು. ಅಮ್ಮನನ್ನು ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಗೆದ್ದೆ ಅಂದುಕೊಂಡೆ.

ಮುಂದಿನ ವಾರ ಒಂದು ಮಧ್ಯಾಹ್ನ ಅನ್ನ ಮುದ್ದೆಯಾಗಿತ್ತು. ಅಪ್ಪ ತಟ್ಟೆ ತಳ್ಳಿ ಎದ್ದರು. ಒಂದೊಂದಾಗಿ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ ಬಂದು, ಆಮೇಲೆ ಅಮ್ಮನನ್ನು ಹೊಡೆದರು.