ಲೆವೆಲ್ ಸಾಹೇಬರು ಸಮುದ್ರ ಅಳೆದದ್ದು

ಅವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಬಲಗಣ್ಣಿನ ಸುತ್ತ ಹಳೇ ರೂಪಾಯಿ ನಾಣ್ಯ ಒತ್ತಿಟ್ಟಂತೆ ದುಂಡಗೆ ಒಂದು ಕಪ್ಪು ಗೆರೆ. ಇಪ್ಪತ್ತೈದು ವರ್ಷ, ನೆಲದ ಏರುತಗ್ಗು ಅಳೆಯುವ ಲೆವೆಲ್ ಯಂತ್ರದ ದುರ್ಬೀನಿಗೆ ಆ ಕಣ್ಣು ಒತ್ತಿದ್ದರ ಗುರುತು ಅದು. ರೊಟ್ಟಿ ಮುರಿಯುವಾಗ, ಬಸ್ಸಿನ ಬೋರ್ಡು ಓದುವಾಗ, ಕಡೆಗೆ ಹೆಂಡತಿಯ ಜೊತೆ ಮಾತಾಡುವಾಗಲೂ ಎಡಗಣ್ಣು ತಾನಾಗಿ ಕಿರಿದಾಗುತ್ತಿತ್ತು.

ಎಪ್ಪತ್ತರ ದಶಕದಲ್ಲಿ ನಾನು ಕೂಡ್ಲಿಗಿಯ ರಸ್ತೆ ಕಚೇರಿಗೆ ಹೊಸ ಎಂಜಿನಿಯರಾಗಿ ಸೇರಿದಾಗ ಅವರು ಅಲ್ಲಿ ಅಳತೆಯ ಕೆಲಸಕ್ಕಿದ್ದರು. ಹಗರಿಬೊಮ್ಮನಹಳ್ಳಿಯವರು. ಮನೆಯವರೆಲ್ಲ ಪಂಪ್‌ಸೆಟ್ಟು, ಲಾರಿ ರಿಪೇರಿ ಮಾಡುವವರು. ಕಚೇರಿಯ ಲೆಕ್ಕದಲ್ಲಿ ಅವರ ಹುದ್ದೆ ಜವಾನರಿಗಿಂತ ಒಂದೇ ಮೆಟ್ಟಿಲು ಮೇಲೆ. ಆದರೂ ಎಲ್ಲರೂ ಅವರನ್ನು ಲೆವೆಲ್ ಸಾಹೇಬರು ಎನ್ನುತ್ತಿದ್ದರು. ನನ್ನನ್ನು ಅವರು ಸಣ್ಣ ಸಾಹೇಬ್ರು ಎಂದು ಕರೆದರು. ನಾನು ಕೊಟ್ಟೂರಿನ ಹುಡುಗ, ಕಾಲೇಜಿನ ವಾಸನೆ ಇನ್ನೂ ಆರಿರಲಿಲ್ಲ. ಆ ಕರೆಯಲ್ಲಿದ್ದ ಚೇಷ್ಟೆ ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಗುಡೇಕೋಟೆಯ ಕಡೆ ಬೋಳು ಬಂಡೆಗಳ ಮೇಲೆ ಹಳೆಯ ಸರ್ವೆಯವರು ಬಾಣದ ಗುರುತು ಕೆತ್ತಿದ್ದಾರೆ. ಆ ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ತಿಳಿಸುವ ಗುರುತು. ನಮ್ಮ ರಸ್ತೆ, ಸೇತುವೆಗಳ ಎತ್ತರವೆಲ್ಲ ಅಲ್ಲಿಂದಲೇ ಶುರು. ಸಾಹೇಬರು ಚಪ್ಪಲಿ ಬಿಟ್ಟು ಹೋಗಿ, ಕುಡಿಯಲು ತಂದ ನೀರಿನಲ್ಲಿ ಅದನ್ನು ತೊಳೆದು, ಆಮೇಲೆ ಯಂತ್ರ ಹೂಡುತ್ತಿದ್ದರು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗಿನ ಅಂಥ ಗುರುತೆಲ್ಲ ಅವರಿಗೆ ಬಾಯಿಪಾಠ. ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದವರು ಕೈತೊಳೆಯುತ್ತ, "ಅಮ್ಮಾರ, ನಿಮ್ಮ ಹೊಸ್ತಿಲು ಬಸ್ ಸ್ಟ್ಯಾಂಡಿಗಿಂತ ಮೂರಡಿ ಕೆಳಗ ಐತ್ರಿ" ಅಂದರು. ನಮ್ಮಮ್ಮ ಅದನ್ನು ಬಹಳ ದಿನ ಮರೆಯಲಿಲ್ಲ.

ಹಳ್ಳಕ್ಕೆ ಸೇತುವೆ ಹಾಕುವ ಮೊದಲು ಅವರದೊಂದು ಪದ್ಧತಿಯಿತ್ತು. ಜಾಲಿ ಮುಳ್ಳಿನಲ್ಲಿ ಸಿಕ್ಕಿಕೊಂಡ ಹುಲ್ಲುಕಡ್ಡಿ ನೋಡಿ ಹಳೆಯ ಪ್ರವಾಹದ ಎತ್ತರ ಬರೆದುಕೊಳ್ಳುವುದು ಎಲ್ಲರೂ ಮಾಡುತ್ತಿದ್ದದ್ದೇ. ಇವರು ಅದರ ಮೇಲೆ ಊರಿನ ಅತಿ ಹಿರಿಯ ಮುದುಕಿಯನ್ನು ಹುಡುಕಿ, "ಯವ್ವಾ, ನೀ ಮದುವ್ಯಾಗಿ ಬಂದ ವರ್ಷ ನೀರು ಎಲ್ಲಿತನ ಬರ್ತಿತ್ತು?" ಎಂದು ಕೇಳುತ್ತಿದ್ದರು. ಮುದುಕರನ್ನು ಯಾಕೆ ಕೇಳುವುದಿಲ್ಲ ಎಂದರೆ, "ಗಂಡಸರು ನೀರು ನೋಡ್ಯಾರ, ಹೆಂಗಸರು ಹೊತ್ತಾರ್ರಿ. ಹೊತ್ತವರಿಗಿ ನೆನಪಿರತೈತಿ" ಅನ್ನುವರು. ಹಡಗಲಿ ಕಡೆಯ ಒಂದು ಹಳ್ಳದಲ್ಲಿ ಮುದುಕಿಯ ಮಾತು ನಂಬಿ ಸೇತುವೆಯನ್ನು ಎರಡಡಿ ಏರಿಸಿದ್ದರು. ಮುಂದಿನ ಮಳೆಗಾಲದಲ್ಲೇ ಹಳ್ಳ ಅಲ್ಲಿಗೆ ಬಂತು. ಅಂದಿನಿಂದ ನಾನು ಅವರ ಆ ಪದ್ಧತಿಗೆ ನಗುವುದನ್ನು ಬಿಟ್ಟೆ.

ಆದರೆ ಅವರು ಕಣ್ಣುಮುಚ್ಚಿ ನಂಬಿದ್ದು ಒಂದಿತ್ತು. "ಸರ್ಕಾರ ಬದಲಾಗತೈತಿ, ಸಾಹೇಬ್ರು ಬದಲಾಗತಾರ. ಸಮುದ್ರ ಒಂದ ಬದಲಾಗಂಗಿಲ್ಲ. ಅದು ನಮ್ಮ ಸೊನ್ನಿ." ಸಮುದ್ರವನ್ನು ಅವರು ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನೋಡಿರಲಿಲ್ಲ.

ದಶಕದ ಕೊನೆಯಲ್ಲಿ ನಮ್ಮಿಬ್ಬರನ್ನೂ ಮೂರು ತಿಂಗಳ ಮಟ್ಟಿಗೆ ಕರಾವಳಿಗೆ ಎರವಲು ಕಳಿಸಿದರು. ಹೊಳೆ ಸಮುದ್ರ ಸೇರುವಲ್ಲಿ ಒಂದು ಮೀನುಗಾರರ ಕೇರಿ. ಅಲ್ಲಿಂದ ಹೊರಗೆ ಹೋಗಲು ಇದ್ದದ್ದು ಒಂದೇ ಕಾಲುದಾರಿ, ದಿನಕ್ಕೆರಡು ಸಲ ಉಬ್ಬರದ ನೀರಿನಲ್ಲಿ ಮುಳುಗುವಂಥದ್ದು. ಅದನ್ನು ಎತ್ತರಿಸಿ ರಸ್ತೆ ಮಾಡಬೇಕು, ಎತ್ತರ ನಾವು ಗೊತ್ತುಮಾಡಬೇಕು. ನಮಗೆ ದಿನಾ ನೀರು ಕೊಡುತ್ತಿದ್ದ ಮುದುಕಿಯ ಸೊಸೆ ಹೆರಿಗೆ ನೋವಿನಲ್ಲಿ ಆ ದಾರಿಯ ಈಚೆ ನೀರು ಇಳಿಯುವುದನ್ನೇ ಕಾಯುತ್ತ ಕೂತಿದ್ದಳಂತೆ. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಮುದುಕಿ ದಿನಕ್ಕೊಮ್ಮೆ ನಮ್ಮ ಯಂತ್ರಕ್ಕೆ ಕೈಮುಗಿದು, ರಸ್ತೆ ಮುಳುಗದ ಹಾಗೆ ಮಾಡಿ ಎನ್ನುತ್ತಿದ್ದಳು.

ಮೊದಲ ದಿನ ಸಮುದ್ರ ಕಂಡಾಗ ಸಾಹೇಬರು ಮರಳಿನಲ್ಲಿ ಕುಳಿತುಬಿಟ್ಟರು. ಆವತ್ತು ಅವರ ಎರಡೂ ಕಣ್ಣು ಪೂರ್ತಿ ತೆರೆದಿದ್ದವು. ಮಾರನೆಯ ದಿನ ನೀರಿನಲ್ಲಿ ಅಳತೆಕೋಲು ನಿಲ್ಲಿಸಿ ಗಂಟೆಗೊಮ್ಮೆ ಓದತೊಡಗಿದರು. ಸಂಜೆ ನನ್ನ ಹತ್ತಿರ ಬಂದು ಮೆಲ್ಲಗೆ, "ಸಣ್ಣ ಸಾಹೇಬ್ರ, ನಮ್ಮ ಸೊನ್ನಿ ಅಲುಗ್ಯಾಡಾಕ ಹತ್ತೈತಿ" ಅಂದರು.

ನಾನು ನಕ್ಕೆ. ಅದು ಉಬ್ಬರ ಇಳಿತ, ಎಲ್ಲ ಏರಿಳಿತದ ಸರಾಸರಿಯೇ ಸಮುದ್ರಮಟ್ಟ, ಸರಾಸರಿ ಅಲುಗುವುದಿಲ್ಲ ಎಂದು ಪುಸ್ತಕದ ಪಾಠ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಸರಾಸರಿ ನಿಂತೈತಿ ಅಂತ ಯಾರು ನಿಂತು ನೋಡ್ಯಾರ್ರಿ?" ಎಂದು ಕೇಳಿದರು. ಆ ಪ್ರಶ್ನೆ ಎಷ್ಟು ದೊಡ್ಡದೆಂದು ತಿಳಿಯುವಷ್ಟು ಬುದ್ಧಿ ಆಗ ನನಗಿರಲಿಲ್ಲ.

ಅಚ್ಚಾದ ಪಟ್ಟಿಯಿಂದ ಅತಿ ಎತ್ತರದ ಉಬ್ಬರ ತೆಗೆದುಕೊಂಡು, ಅದಕ್ಕೆ ವಾಡಿಕೆಯ ಅಂತರ ಕೂಡಿಸಿ, ನಾನು ರಸ್ತೆಯ ಎತ್ತರ ಬರೆದೆ. ನಕ್ಷೆ ಮುಗಿಯಿತು. ಕಳಿಸಲು ವಾರವಿರುವಾಗ ಸಾಹೇಬರು ಮುದುಕಿಗೆ ತಮ್ಮ ಹಳೆಯ ಪ್ರಶ್ನೆ ಕೇಳಿಯೇಬಿಟ್ಟರು.

ಅವಳು ನಮ್ಮನ್ನು ಹಳೆಯ ಕಲ್ಲಿನ ದೋಣಿಕಟ್ಟೆಗೆ ಕರೆದೊಯ್ದಳು. ಮದುವೆಯಾಗಿ ಬಂದ ದಿನ ದೋಣಿಯನ್ನು ಅಲ್ಲಿನ ಕಬ್ಬಿಣದ ಬಳೆಗೆ ಕಟ್ಟಿದ್ದರಂತೆ, ತುಂಬಿದ ಉಬ್ಬರದಲ್ಲೂ ಇವಳು ಸೀರೆಯಂಚು ನೆನೆಯದೆ ಮೆಟ್ಟಿಲಿಗೆ ಕಾಲಿಟ್ಟಿದ್ದಳಂತೆ. ಬಳೆ ಎಲ್ಲೂ ಕಾಣಲಿಲ್ಲ. ನೀರಿಳಿಯುವತನಕ ಸಾಹೇಬರು ಅಲ್ಲೇ ಕೂತರು. ಇಳಿದ ಮೇಲೆ, ಚಿಪ್ಪು ಮೆತ್ತಿಕೊಂಡು ತುಕ್ಕು ಹಿಡಿದ ಬಳೆ ಹೊರಬಂತು. ಮಾಮೂಲಿ ಉಬ್ಬರಕ್ಕೇ ಅದು ಒಂದು ಗೇಣು ಮುಳುಗುತ್ತಿತ್ತು.

"ದೋಣಿ ಕಟ್ಟೋ ಬಳಿ ಯಾರಾರ ನೀರಾಗ ಹಾಕ್ತಾರೇನ್ರಿ?"

"ಕಟ್ಟೆ ಕುಸಿದಿರಬೇಕು ಬಿಡಿ" ಅಂದೆ. ಅವರು ಕಟ್ಟೆಯ ನಾಲ್ಕೂ ಮೂಲೆಗೆ ಕೋಲು ಹಿಡಿಸಿ ಓದಿದರು. ಕೂದಲಷ್ಟೂ ಓರೆಯಿರಲಿಲ್ಲ. "ಸಮುದ್ರ ಏರೈತೋ, ಈ ನೆಲಾನ ಇಳದೈತೋ, ಅದು ನನಗ ತಿಳಿಯಂಗಿಲ್ರಿ. ರಸ್ತಿಗಿ ಎರಡೂ ಒಂದ. ಅವತ್ತಿನಿಂದ ಇವತ್ತಿಗಿ ಒಂದು ಗೇಣು. ಇವತ್ತಿನಿಂದ ಮುಂದಕ್ಕೆಷ್ಟು?"

ನಾನು ರೇಗಿದೆ. ನಕ್ಷೆಯೆಲ್ಲ ಮತ್ತೆ ಬರೆಯಬೇಕು, ಗಡುವು ಮೀರುತ್ತದೆ, ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. "ಸಿಟ್ಟಾಗ್ರಿ, ನೀವು ಆಗಬೇಕಾದ್ದ. ಈ ಪುಸ್ತಕದಾಗ ನನ್ನ ಸಹಿ ಮಾತ್ರ ಬರಂಗಿಲ್ಲ" ಎಂದು ಅಳತೆಯ ಪುಸ್ತಕ ಮುಚ್ಚಿಟ್ಟರು.

ಸುದ್ದಿ ಮೇಲಿನ ಅಧಿಕಾರಿಗೆ ಹೋಯಿತು. "ಬಯಲುಸೀಮೆಯವರು, ಪಾಪ, ಸಮುದ್ರ ನೋಡಿ ಹೆದರಿದ್ದಾರೆ" ಎಂದು ಅವರು ನಕ್ಕರು. ಸಾಹೇಬರು ಕೈಕಟ್ಟಿ ನಿಂತು, ಅಮಾವಾಸ್ಯೆಯ ಮಧ್ಯಾಹ್ನ ಒಮ್ಮೆ ಬರ್ರಿ ಎಂದಷ್ಟೇ ಬೇಡಿಕೊಂಡರು. ಬಂದರು. ನೀರು ಕಟ್ಟೆಯ ಅಂಚಿಗೆ ಬಂದು ನಿಂತಿತ್ತು. "ಕೈ ಇಳಿಬಿಟ್ಟು ಬಳಿ ಹುಡುಕ್ರಿ" ಅಂದರು ಸಾಹೇಬರು. ಆ ದೊಡ್ಡ ಅಧಿಕಾರಿ ಇಸ್ತ್ರಿ ಮಾಡಿದ ಅಂಗಿಯ ತೋಳು ತೋಯಿಸಿಕೊಂಡು, ಮೊಣಕೈ ಮುಳುಗುವತನಕ ತಡಕಾಡಿ, ಬಳೆ ಹಿಡಿದರು. ಎದ್ದವರು ಕೇಳಿದ್ದು ಒಂದೇ ಮಾತು: "ಎಷ್ಟು ಏರಿಸಬೇಕು?"

"ಗೊತ್ತಿಲ್ರಿ. ಇಷ್ಟ ಅಂತ ಇವತ್ತು ಹೇಳೋವ ಸುಳ್ಳ ಹೇಳ್ತಾನ. ಈಗ ಎರಡಡಿ ಏರಸ್ರಿ. ಬುನಾದಿ ಮಾತ್ರ ಅಗಲ ಇಡ್ರಿ. ಮುಂದ ಬರೋರು ನೀರು ನೋಡಿಕೋತ ಮ್ಯಾಲ ಏರಿಸಿಕೊಳ್ಳಲಿ."

ಜೀವಮಾನವೆಲ್ಲ ನೂಲಿನೆಳೆಯಷ್ಟೂ ತಪ್ಪದ ಅಳತೆ ಕೊಟ್ಟ ಮನುಷ್ಯ, ಗೊತ್ತಿಲ್ಲ ಎನ್ನುವುದನ್ನೂ ಅಷ್ಟೇ ಕರಾರುವಾಕ್ಕಾಗಿ ಹೇಳಿದ್ದ. ಇಂದಿಗೂ ಅದಕ್ಕಿಂತ ದೊಡ್ಡ ಎಂಜಿನಿಯರನ್ನು ನಾನು ಕಂಡಿಲ್ಲ.

ಹೊಸ ನಕ್ಷೆಯ ಜೊತೆ ಇಂಗ್ಲಿಷಿನಲ್ಲಿ ವರದಿ ಬರೆದೆ. ಬಳೆಯನ್ನು ಗಮನಿಸಿದವನು ನಾನು, ಕಟ್ಟೆ ಅಳೆದವನು ನಾನು, ಬುನಾದಿಯ ಸಲಹೆ ನನ್ನದು ಎಂದು ಬರೆದೆ. ಹೇಗೆ ಬರೆದೆನೋ, ಬರೆದೆ. ಇಂಗ್ಲಿಷ್ ಬಾರದ ಸಾಹೇಬರು, "ಏನು ಬರದೀರಿ, ಓದ್ರಿ" ಎಂದು ಎದುರು ಕೂತರು. ನಾನು ಕನ್ನಡಕ್ಕೆ ತಿರುಗಿಸಿ ಓದುತ್ತ, ನನ್ನ ಜಾಗದಲ್ಲೆಲ್ಲ ಅವರ ಹೆಸರು ಹಾಕಿ ಓದಿದೆ. ಕಾಗದದಲ್ಲಿ ಆ ಹೆಸರು ಒಂದು ಕಡೆಯೂ ಇರಲಿಲ್ಲ. ಅವರ ಮುಖ ಅರಳಿತು. "ಇನ್ನೊಮ್ಮೆ ಓದ್ರಿ" ಅಂದರು. ಓದಿದೆ.

ನನ್ನ ನೌಕರಿ ಕಾಯಂ ಆಯಿತು, ಬಡ್ತಿಯೂ ಬಂತು. ರಸ್ತೆಯಾದ ಮೂರನೆಯ ಮಳೆಗಾಲದಲ್ಲಿ ಕೇರಿಯ ಸುತ್ತ ನೀರು ನಿಂತಾಗಲೂ ರಸ್ತೆ ಮುಳುಗಲಿಲ್ಲವೆಂದು, ಹೆರಿಗೆಯ ಹೆಂಗಸನ್ನು ಹೊತ್ತ ಜೀಪೊಂದು ನಿಲ್ಲದೆ ದಾಟಿತೆಂದು ಅಲ್ಲಿನ ಗೆಳೆಯ ಕಾಗದ ಬರೆದ. ಸಾಹೇಬರಿಗೆ ಓದಿ ಹೇಳಿದೆ. ನಿವೃತ್ತರಾಗಿ ಮನೆ ಸೇರಿದ್ದ ಅವರು, ತಮ್ಮ ಹೆಸರು ಸರ್ಕಾರದ ಕಾಗದದಲ್ಲಿದೆಯೆಂದು ಹಗರಿಬೊಮ್ಮನಹಳ್ಳಿಯ ಚಹಾದಂಗಡಿಗಳಲ್ಲೆಲ್ಲ ಹೇಳಿಕೊಂಡಿದ್ದರು.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಮಣ್ಣು ಮುಗಿಸಿ ಮನೆಗೆ ಹೋದಾಗ ಅವರ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು, "ಇವರ ಹೆಸರಿರೋ ಕಾಗದ ನಿಮ್ಮ ಹತ್ರ ಐತಂತಲ್ರಿ. ಒಂದು ನಕಲು ಕೊಡ್ರಿ, ಮೊಮ್ಮಕ್ಕಳಿಗಿ ಇರಲಿ" ಅಂದರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

ಆವತ್ತೇ ಕರಾವಳಿ ಕಚೇರಿಯ ಅಧಿಕಾರಿಗೆ ನಡೆದದ್ದನ್ನೆಲ್ಲ ಬರೆದು, ತಪ್ಪೊಪ್ಪಿಕೊಂಡು, ಅದನ್ನು ಆ ಕಡತಕ್ಕೆ ಸೇರಿಸಬೇಕೆಂದು ಕೇಳಿಕೊಂಡೆ. ಸೇರಿಸಿದರು. ಮೊಹರು ಬಿದ್ದ ನಕಲು ಹಿಡಿದು ಮತ್ತೆ ಹಗರಿಬೊಮ್ಮನಹಳ್ಳಿಗೆ ಹೋದೆ. ಆಕೆಗೆ ಓದಲು ಬರುತ್ತಿರಲಿಲ್ಲ. "ಓದ್ರಿ ಸಾಹೇಬ್ರ" ಎಂದು ಚಾಪೆ ಹಾಸಿ ಕೂತರು. ಈ ಸಲ ಕಾಗದದಲ್ಲಿ ಇದ್ದದ್ದನ್ನೇ ಓದಿದೆ.