ನೆದ್ಯಾಲ್ಕಾ ಬಿಗಿದ ಚಕ್ರಗಳು

ಸ್ಮೋಲ್ಯಾನ್ ಪಟ್ಟಣದ ನಮ್ಮ ಕೆಳಬೀದಿಯಲ್ಲಿ ನೆದ್ಯಾಲ್ಕಾಳ ಟೈರ್ ಅಂಗಡಿ. ಗಂಡ ತೀರಿಕೊಂಡ ಮೇಲೆ ಮುಚ್ಚಿಬಿಡುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಅವನ ಮೇಲಂಗಿ ತೊಟ್ಟು ಕೆಲಸಕ್ಕಿಳಿದಳು.

"ಹೆಂಗಸು ಹಾಕಿದ ಚಕ್ರ, ದಾರೀಲೇ ಕಳಚ್ಕೊಳ್ಳುತ್ತೆ ನೋಡ್ತಿರಿ," ಎಂದು ಕಾಫಿ ಅಂಗಡಿಯಲ್ಲಿ ಕೂತವರು ನಕ್ಕರು. ಆ ಮಾತು ಅವಳಿಗೆ ನಾಟಿತು. ಅಂದಿನಿಂದ ಪಾನಾದ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತು ನಟ್ಟು ಬಿಗಿಯತೊಡಗಿದಳು. ಹನ್ನೊಂದು ವರ್ಷ ಯಾರಿಂದಲೂ ಒಂದು ದೂರಿಲ್ಲ.

ಆ ಏಪ್ರಿಲ್‌ನಲ್ಲಿ, ಚಳಿಗಾಲಕ್ಕೆಂದು ಹಾಕಿಸಿದ್ದ ಹಿಮದ ಟೈರು ತೆಗೆಸಿ ಮಾಮೂಲಿನದು ಹಾಕಿಸಲು ಸ್ಪಾಸ್ ಬಂದ. ಮೇಲಿನ ಹಳ್ಳಿಗಳ ಮುದುಕರನ್ನು ಆಸ್ಪತ್ರೆಗೆ ಕರೆತರುವ ವ್ಯಾನು ಅವನದು. ನನ್ನ ಕಾರಿನ ಸರದಿಗೆ ಕಾಯುತ್ತ ನಾನೂ ಅಲ್ಲಿದ್ದೆ.

"ಬ್ರೇಕ್ ಒತ್ತಿದ್ರೆ ಕಾಲಡಿ ಗಡಗಡ ನಡುಗುತ್ತಮ್ಮಾ. ಅಜ್ಜೀರೆಲ್ಲ ಶಿಲುಬೆ ಗುರುತು ಹಾಕ್ಕೋತಾರೆ."

"ಅದು ನೀನು ಓಡಿಸೋದು ನೋಡಿ, ಸ್ಪಾಸಣ್ಣ," ಎಂದು ನಗುತ್ತಲೇ ಅವಳು ಮುಂದಿನ ಚಕ್ರಕ್ಕೆ ಪಾನಾ ಹಾಕಿದಳು.

ಟಕ್. ಬೋಲ್ಟು ತುಂಡಾಗಿ ನಟ್ಟಿನ ಸಮೇತ ಕೆಳಗೆ ಬಿತ್ತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಅವಳು ಬಲ ಹಾಕಲೂ ಬೇಕಾಗಲಿಲ್ಲ. ಉಳಿದೆರಡನ್ನು ಮೆಲ್ಲಗೆ ಬಿಚ್ಚಿ ಚಕ್ರ ತೆಗೆದಳು. ಬೋಲ್ಟುಗಳ ನಡು ಜಗ್ಗಿದಂತೆ ಸಣ್ಣಗಾಗಿತ್ತು. ಬೆರಳಲ್ಲಿ ನಟ್ಟು ಹತ್ತಿಸಿದರೆ ಅರ್ಧಕ್ಕೇ ಕಚ್ಚಿಕೊಳ್ಳುತ್ತಿತ್ತು. ಚಕ್ರದ ತೂತಿನ ಸುತ್ತ ಕೂದಲೆಳೆಯಂಥ ಬಿರುಕು.

"ಯಾವ ಕತ್ತೆ ಹೀಗೆ ಮಿತಿಮೀರಿ ಬಿಗಿದಿದ್ದು ಇದನ್ನ?"

ಸ್ಪಾಸ್ ತಬ್ಬಿಬ್ಬಾದ. "ನೀನೇ ಅಲ್ವೇನಮ್ಮಾ? ನವೆಂಬರ್‌ನಲ್ಲಿ. ನಾನು ಬೇರೆ ಯಾರ ಹತ್ರ ಹೋಗ್ತೀನಿ?"

ಅವಳ ಮುಖ ಬಿಳಿಚಿಕೊಂಡಿತು. ಮೂಲೆಯಲ್ಲಿದ್ದ ಆ ಉದ್ದನೆಯ ಪೈಪಿನತ್ತ ತಿರುಗಿ ನೋಡಿದಳು.

"ಬೆಳಿಗ್ಗೆ ಎಷ್ಟು ಜನ ಇದ್ರು ವ್ಯಾನೊಳಗೆ?"

"ಒಂಬತ್ತು."

ವಾರಕ್ಕೊಮ್ಮೆ ಮೇಲಿನ ಹಳ್ಳಿಯಿಂದ ನನ್ನ ಅಮ್ಮನೂ ಅದೇ ವ್ಯಾನಿನಲ್ಲಿ ಕಣಿವೆ ಇಳಿಯುತ್ತಿದ್ದಳು. ನನಗೆ ಬೈಯಬೇಕೆನಿಸಿತು, ಬೈಯದೆ ಬಗ್ಗಿ ತುಂಡಾದ ಬೋಲ್ಟುಗಳನ್ನು ಹೆಕ್ಕಿದೆ.

ನೆದ್ಯಾಲ್ಕಾ ಒಳಗೆ ಹೋಗಿ ಫೋನ್ ಹಿಡಿದಳು. ಚಳಿಗಾಲಕ್ಕೆ ಟೈರು ಹಾಕಿಸಿಕೊಂಡವರಿಗೆಲ್ಲ ಒಂದೇ ಮಾತು: "ಗಾಡಿ ಓಡಿಸ್ಬೇಡಿ. ತಪ್ಪು ನಂದು. ನಾನೇ ನಿಮ್ಮನೆಗೆ ಬರ್ತೀನಿ." ಕೆಲವರು ನಕ್ಕರು, ಕೆಲವರು ಉಗಿದರು. ಹತ್ತು ದಿನ ಮನೆ ಮನೆ ತಿರುಗಿ ಒಂದೊಂದೇ ಚಕ್ರ ಬಿಚ್ಚಿ ನೋಡಿದಳು. ಇನ್ನೂ ಹದಿನಾಲ್ಕು ಗಾಡಿಗಳಲ್ಲಿ ಬೋಲ್ಟು ಜಗ್ಗಿದ್ದವು.

ಬಿಗಿಯಬೇಕಾದಷ್ಟು ಬಿಗಿದೊಡನೆ ಟಿಕ್ ಎನ್ನುವ ಹೊಸ ಪಾನಾ ತರಿಸಿದಳು. ಸ್ಪಾಸ್‌ನ ವ್ಯಾನಿಗೆ ಹೊಸ ಬೋಲ್ಟು, ಬೇರೆ ಚಕ್ರ ಹಾಕಿ ಬಿಗಿದಾಗ ಟಿಕ್ ಎಂದಿತು. ಅವಳಿಗೆ ನಂಬಿಕೆ ಬರಲಿಲ್ಲ.

"ಇಷ್ಟೇನಾ? ಇಷ್ಟು ಸಾಕಾ?" ಎಂದು ನನ್ನನ್ನೇ ಕೇಳಿದಳು.

ಸ್ಪಾಸ್ ಹೊರಟಾಗ ಅವಳೂ ಹತ್ತಿ ಅವನ ಪಕ್ಕ ಕೂತಳು. ಮೇಲಿನ ಹಳ್ಳಿ ಮುಟ್ಟುವವರೆಗೂ ಕಿಟಕಿಯಿಂದ ತಲೆ ಹೊರಹಾಕಿ ಆ ಚಕ್ರವನ್ನೇ ನೋಡುತ್ತಿದ್ದಳಂತೆ.